ವಾಟ್ಸಾಪ್ ಗ್ರೂಪಿಗೆ ಹಾಕಿದ ನೋಟಿಸ್ ಬೈಲಾ ಆಗುತ್ತದಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 84 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್. ಎಲ್ಲವೂ ವಾಸದ ಮನೆಗಳೇ, ಅಂಗಡಿ ಒಂದೂ ಇಲ್ಲ. ಬಿಲ್ಡರ್ ನಮಗೆ ಒಪ್ಪಿಸಿ ಹೋಗಿ ಆರು ವರ್ಷ ಆಯಿತು. ಹೋದ ತಿಂಗಳು ನನ್ನನ್ನು ಸೆಕ್ರೆಟರಿ ಮಾಡಿದ್ದಾರೆ. ಹಳೇ ಕಮಿಟಿ ಸೊಸೈಟಿ ಕಾಯ್ದೆಯಲ್ಲಿ ಅಸೋಸಿಯೇಷನ್ ರಿಜಿಸ್ಟರ್ ಮಾಡಿಸಿದೆ. ಒಂದು ಬೈಲಾ ಪುಸ್ತಕ ಇದೆ. ಅದರ ಜೊತೆಗೆ ವಾಟ್ಸಾಪ್‌ನಲ್ಲಿ ಆಗಾಗ ಹಾಕಿದ ರೂಲ್ಸ್ ಇವೆ: ಬ್ಯಾಚುಲರ್‌ಗಳಿಗೆ ಬಾಡಿಗೆ ಕೊಡಬಾರದು, ನಾಯಿಯನ್ನು ಲಿಫ್ಟಿನಲ್ಲಿ ತರಬಾರದು, ತಪ್ಪಿದರೆ 5,000 ರೂಪಾಯಿ ದಂಡ. ನಾಯಿ ಸಾಕಿರುವ ಒಬ್ಬರು ದಂಡ ಕಟ್ಟುತ್ತಿಲ್ಲ. ‘ಯಾವ ಕಾನೂನಿನಲ್ಲಿದೆ, ತೋರಿಸಿ’ ಅನ್ನುತ್ತಾರೆ. ಇನ್ನೊಬ್ಬರು 14 ತಿಂಗಳಿಂದ ಮೇಂಟೆನೆನ್ಸ್ ಕೊಟ್ಟಿಲ್ಲ, ಅವರ ನೀರು ನಿಲ್ಲಿಸಿ ಅಂತ ಉಳಿದವರ ಒತ್ತಾಯ. ಚಿಕ್ಕ ಫ್ಲ್ಯಾಟಿನವರು ‘ಎಲ್ಲರಿಗೂ ಒಂದೇ ಮೇಂಟೆನೆನ್ಸ್ ಯಾಕೆ’ ಅಂತ ಬೇರೆ ಜಗಳ ತೆಗೆದಿದ್ದಾರೆ. ಹಳೇ ಸೆಕ್ರೆಟರಿ ಮಿನಿಟ್ಸ್ ಪುಸ್ತಕ ಕೊಡುತ್ತಿಲ್ಲ. ನಾನು ಎಲ್ಲಿಂದ ಶುರು ಮಾಡಲಿ, ಸರ್?

ಉತ್ತರ: ಮೊದಲು ನಾಯಿ ಸಾಕಿರುವವರ ಮಾತನ್ನೇ ತೆಗೆದುಕೊಳ್ಳೋಣ. ‘ಯಾವ ಕಾನೂನಿನಲ್ಲಿದೆ, ತೋರಿಸಿ’ ಅಂದಿದ್ದಾರಲ್ಲ, ಅವರು ಕೇಳಿದ್ದು ಸರಿ. ಉದ್ಧಟತನ ಅಂತ ಅಂದುಕೊಳ್ಳಬೇಡಿ. ನೀವು ಸೆಕ್ರೆಟರಿ ಆದ ಮೊದಲ ದಿನ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ವಾಟ್ಸಾಪ್‌ನಲ್ಲಿ ಹಾಕಿದ್ದು ಸೂಚನೆ, ಅಷ್ಟೇ. ಅದರ ಹಿಂದೆ ಬೇರೆ ಯಾವುದೋ ಗಟ್ಟಿ ಕಾಗದ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಅಪಾರ್ಟ್‌ಮೆಂಟಿನ ಕಮಿಟಿ ನನ್ನನ್ನು ಕರೆಸಿತ್ತು. ಕ್ಲಬ್‌ಹೌಸಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಬೈಲಾ ಕೊಡಿ ಅಂದೆ. ಮೂರು ಪುಸ್ತಕ ಬಂದವು! ಒಂದು ಹಸಿರು ರಟ್ಟಿನದ್ದು, ಒಂದು ಸ್ಪೈರಲ್ ಬೈಂಡಿಂಗ್, ಇನ್ನೊಂದು ಬರೀ ಜೆರಾಕ್ಸ್ ಹಾಳೆಗಳು, ಮೂಲೆಗೆ ಪಿನ್ ಹೊಡೆದದ್ದು. ಮೂರರಲ್ಲೂ 23ನೇ ಕಲಮು ಬಾಕಿ ಹಣದ ಬಡ್ಡಿಯದೇ. ಒಂದರಲ್ಲಿ ವರ್ಷಕ್ಕೆ ಶೇ. 12, ಇನ್ನೊಂದರಲ್ಲಿ ಶೇ. 18, ಜೆರಾಕ್ಸಿನಲ್ಲಿ ತಿಂಗಳಿಗೆ ಶೇ. 2. ಯಾವುದು ಸರಿ ಅಂತ ಕೇಳಿದರೆ ಅಧ್ಯಕ್ಷರು ಹೇಳಿದರು: ‘ಲೇಟೆಸ್ಟ್ ಯಾವುದೋ ಅದು ಸಾರ್.’ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತರಿಸಿದೆವು. ನೋಂದಣಿಯಾದ ಬೈಲಾ ನಾಲ್ಕನೆಯದು, ಈ ಮೂರೂ ಅಲ್ಲ. ಅದರಲ್ಲಿ ಬಡ್ಡಿಯ ಮಾತೇ ಇರಲಿಲ್ಲ. ಅಷ್ಟು ವರ್ಷ ವಸೂಲು ಮಾಡಿದ ಬಡ್ಡಿಗೆ ಬುಡವೇ ಇಲ್ಲದಂತಾಯಿತು.

ನಿಮ್ಮಲ್ಲೂ ಹೀಗೇ ಆಗಿರಬಹುದು. ಹಾಗಾಗಿ ಜಗಳಗಳನ್ನೆಲ್ಲ ಒಂದು ವಾರ ಪಕ್ಕಕ್ಕಿಡಿ, ಕಾಗದ ಹುಡುಕಿ.

ಯಾವ ಕಾಗದ? ಕರ್ನಾಟಕದಲ್ಲಿ ವಾಸದ ಅಪಾರ್ಟ್‌ಮೆಂಟಿಗೆ ಮೂಲ ಕಾನೂನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಆದರೆ ಇದು ತಾನಾಗಿಯೇ ಯಾರ ಮೇಲೂ ಬಂದು ಕೂರುವ ಕಾಯ್ದೆ ಅಲ್ಲ. ಆಸ್ತಿಯ ಏಕೈಕ ಮಾಲೀಕ, ಅಥವಾ ಎಲ್ಲ ಮಾಲೀಕರೂ ಸೇರಿ, ‘ನಮ್ಮ ಆಸ್ತಿಯನ್ನು ಈ ಕಾಯ್ದೆಗೆ ಒಳಪಡಿಸುತ್ತೇವೆ’ ಅಂತ ಬರೆದು ರಿಜಿಸ್ಟರ್ ಮಾಡಿಸಬೇಕು. ಆ ಪತ್ರಕ್ಕೆ ಡೀಡ್ ಆಫ್ ಡಿಕ್ಲರೇಷನ್ ಅಂತ ಹೆಸರು. ಸಾಮಾನ್ಯವಾಗಿ ಬಿಲ್ಡರೇ ಫ್ಲ್ಯಾಟ್ ಮಾರುವ ಮೊದಲು ಅಥವಾ ಮಾರುತ್ತಾ ಇದನ್ನು ಮಾಡಿರುತ್ತಾರೆ. ಆಮೇಲೆ ಕೊಂಡುಕೊಂಡ ಒಬ್ಬೊಬ್ಬರೂ ತಮ್ಮ ಫ್ಲ್ಯಾಟಿನ ಮಟ್ಟಿಗೆ ಇನ್ನೊಂದು ಘೋಷಣೆಗೆ ಸಹಿ ಹಾಕಬೇಕು. ಅದನ್ನು ಜನ ‘ಫಾರಂ ಬಿ’ ಅನ್ನುತ್ತಾರೆ. ಎಷ್ಟೋ ಕಡೆ ಈ ಎರಡನೆಯದು ಆಗಿಯೇ ಇರುವುದಿಲ್ಲ.

ಈ ಡಿಕ್ಲರೇಷನ್ ಅನ್ನುವುದು ನಿಮ್ಮ ಅಪಾರ್ಟ್‌ಮೆಂಟಿನ ಜಾತಕ ಇದ್ದ ಹಾಗೆ. ಜಮೀನಿನ ವಿವರ, ಎಷ್ಟು ಮಹಡಿ, ಎಷ್ಟು ಫ್ಲ್ಯಾಟು, ಯಾವುದು ಎಲ್ಲರಿಗೂ ಸೇರಿದ ಜಾಗ, ಯಾವುದು ಕೆಲವೇ ಫ್ಲ್ಯಾಟುಗಳಿಗೆ ಮೀಸಲು, ಯಾರಿಗೆ ಅವಿಭಜಿತ ಪಾಲು (ಎಲ್ಲರಿಗೂ ಸೇರಿದ ಜಾಗದಲ್ಲಿ ಒಬ್ಬೊಬ್ಬರಿಗೆ ಇರುವ, ಬೇರೆ ಮಾಡಲಾಗದ ಪಾಲು) ಶೇಕಡಾ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಜನ ಓದದೆ ಬಿಡುವ ಕಾಗದವೂ ಇದೇ. ಅರವತ್ತು ಎಪ್ಪತ್ತು ಪುಟ ಇರುತ್ತದೆ, ಇಂಗ್ಲಿಷ್ ಬೇರೆ, ಓದುತ್ತಾ ಹೋದರೆ ನಿದ್ದೆ ಬರುತ್ತದೆ. ಆದರೂ ಒಂದು ಭಾನುವಾರ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಿ. ಟೆರೇಸ್ ಯಾರದ್ದು ಅಂತ ಬರೆದಿದೆ, ನೋಡಿ. ‘ಮುಂದೆ ಹೆಚ್ಚುವರಿ ಮಹಡಿ ಕಟ್ಟುವ ಹಕ್ಕು ಪ್ರವರ್ತಕರಿಗೆ ಇರತಕ್ಕದ್ದು’ ಅನ್ನುವಂಥ ಸಾಲು (ಪ್ರವರ್ತಕರು ಅಂದರೆ ಬಿಲ್ಡರ್) ಎಲ್ಲಾದರೂ ಅಡಗಿದೆಯಾ, ನೋಡಿ. ಅದರಲ್ಲಿರುವ ಅವಿಭಜಿತ ಪಾಲಿಗೂ ನಿಮ್ಮ ಸೇಲ್ ಡೀಡಿನಲ್ಲಿರುವ ಪಾಲಿಗೂ ತಾಳೆ ಆಗುತ್ತದಾ? ಎಲ್ಲ 84 ಫ್ಲ್ಯಾಟುಗಳ ಪಾಲು ಕೂಡಿಸಿದರೆ ಸರಿಯಾಗಿ ನೂರು ಬರುತ್ತದಾ? ನಗಬೇಡಿ, 97 ಬಂದ ಡಿಕ್ಲರೇಷನ್ ನಾನು ನೋಡಿದ್ದೇನೆ. ಉಳಿದ ಮೂರು ಯಾರ ಹತ್ತಿರ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಈ ಶೇಕಡಾವಾರು ಪಾಲನ್ನು ಆಮೇಲೆ ಬದಲಿಸುವುದು ಸುಲಭವಿಲ್ಲ. ಎಲ್ಲ ಮಾಲೀಕರೂ ಒಪ್ಪಬೇಕು, ತಿದ್ದಿದ ಡಿಕ್ಲರೇಷನ್ ಮತ್ತೆ ರಿಜಿಸ್ಟರ್ ಆಗಬೇಕು. ಬಹುಮತ ಸಾಲದು.

ನಕಲು ಸಿಗುವ ದಾರಿ ಹೀಗೆ. ನಿಮ್ಮದೋ ಪಕ್ಕದವರದೋ ಸೇಲ್ ಡೀಡ್ ತೆಗೆಯಿರಿ. ಡಿಕ್ಲರೇಷನ್ ಆಗಿದ್ದರೆ ಅದರ ದಿನಾಂಕ, ದಸ್ತಾವೇಜು ನಂಬರು ಅದರಲ್ಲಿ ಬರೆದಿರುವುದೇ ಹೆಚ್ಚು. ಆ ನಂಬರು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಥವಾ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಂಬರು ಇಲ್ಲದಿದ್ದರೆ ಜಮೀನಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅದರಲ್ಲಿ ಕಾಣುತ್ತದೆ. ಬಿಲ್ಡರ್ ಆಫೀಸಿಗೆ ಅಲೆಯುವ ಅಗತ್ಯವಿಲ್ಲ.

ಈಗ ಬೈಲಾ. ಈ ಕಾಯ್ದೆಯಲ್ಲಿ ಬೈಲಾ ಡಿಕ್ಲರೇಷನ್‌ಗೆ ಅಂಟಿಕೊಂಡೇ ಹುಟ್ಟುತ್ತದೆ. ಅದರ ಪ್ರತಿಯನ್ನು ಡಿಕ್ಲರೇಷನ್‌ಗೆ ಲಗತ್ತಿಸಿ ರಿಜಿಸ್ಟರ್ ಮಾಡಬೇಕು. ಇನ್ನು ಬಹಳ ಕಮಿಟಿಗಳು ಎಡವುವ ಜಾಗಕ್ಕೆ ಬಂದೆವು. ಬೈಲಾವನ್ನು ತಿದ್ದಿದರೆ, ಆ ತಿದ್ದುಪಡಿಯೂ ಡಿಕ್ಲರೇಷನ್‌ನ ತಿದ್ದುಪಡಿಯಾಗಿ ದಾಖಲಾಗಬೇಕು. ಇಲ್ಲದಿದ್ದರೆ ಅದು ಊರ್ಜಿತವಲ್ಲ. ಎಜಿಎಂನಲ್ಲಿ, ಅಂದರೆ ವಾರ್ಷಿಕ ಸಾಮಾನ್ಯ ಸಭೆಯಲ್ಲಿ, ಕೈ ಎತ್ತಿಸಿ, ಚಪ್ಪಾಳೆ ಹೊಡೆಸಿ, ಹೊಸ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರೂ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತದಿದ್ದರೆ ಹಳೆಯದೇ ಬೈಲಾ. ಆ ಬೀರುವಿನ ಮೂರು ಪುಸ್ತಕಗಳ ಕಥೆಯೂ ಇದೇ.

ಕೈ ಎತ್ತಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಈ ಕಾಯ್ದೆಯಲ್ಲಿ ‘ಬಹುಮತ’ ಅಂದರೆ ತಲೆ ಎಣಿಕೆ ಅಲ್ಲ. ಮತದಾನಕ್ಕಾಗಿ ಡಿಕ್ಲರೇಷನ್‌ನಲ್ಲಿ ಒಂದೊಂದು ಫ್ಲ್ಯಾಟಿಗೆ ಹಾಕಿರುವ ಶೇಕಡಾವಾರಿನ ಪ್ರಕಾರ ಶೇ. 51 ಅಥವಾ ಅದಕ್ಕಿಂತ ಜಾಸ್ತಿ ಮತ ಬರಬೇಕು. ಅಂದರೆ ದೊಡ್ಡ ಫ್ಲ್ಯಾಟಿಗೆ ತೂಕ ಜಾಸ್ತಿ ಇರಬಹುದು. ಬಿಲ್ಡರ್ ಇನ್ನೂ ಹತ್ತು ಫ್ಲ್ಯಾಟ್ ಮಾರದೆ ಇಟ್ಟುಕೊಂಡಿದ್ದರೆ ಆ ಹತ್ತರ ಮತವೂ ಅವರದೇ. ಸಭೆಗೆ ಬಂದ 30 ಜನರಲ್ಲಿ 22 ಜನ ಕೈ ಎತ್ತಿದರು ಅಂತ ಮಿನಿಟ್ಸ್‌ನಲ್ಲಿ ಬರೆದರೆ ಸಾಲದು. ಫ್ಲ್ಯಾಟ್ ನಂಬರು, ಅದರ ಪಾಲು, ಹೌದು ಅಥವಾ ಇಲ್ಲ, ಹೀಗೆ ಒಂದು ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಬೈಲಾ ತಿದ್ದಲು ಎಷ್ಟು ಮತ ಬೇಕು ಅನ್ನುವುದನ್ನು ನಿಮ್ಮ ಬೈಲಾದಲ್ಲೇ ಹುಡುಕಿ. ನಾನು ನೋಡಿದ ಹೆಚ್ಚಿನವುಗಳಲ್ಲಿ ಸಾಮಾನ್ಯ ಬಹುಮತಕ್ಕಿಂತ ಮೇಲೇ ಇರುತ್ತದೆ.

ಹಾಗಾದರೆ ಯಾವ ಕಾಗದ ಯಾವುದಕ್ಕಿಂತ ದೊಡ್ಡದು? ಕಾಯ್ದೆ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಡಿಕ್ಲರೇಷನ್, ಆಮೇಲೆ ಬೈಲಾ, ಆಮೇಲೆ ಜನರಲ್ ಬಾಡಿಯ ನಿರ್ಣಯ, ಕೊನೆಗೆ ಕಮಿಟಿಯ ನೋಟಿಸ್. ಕೆಳಗಿನ ಕಾಗದ ಮೇಲಿನದನ್ನು ವಿವರಿಸಬಹುದು, ಜಾರಿಗೆ ತರಬಹುದು. ಮೇಲಿನದು ಕೊಟ್ಟ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ನಡೆಯುವುದು ದೇವಸ್ಥಾನದಲ್ಲಿ, ಅಸೋಸಿಯೇಷನ್ ಆಫೀಸಿನಲ್ಲಿ ನಡೆಯಬಾರದು. ಅಪಾರ್ಟ್‌ಮೆಂಟುಗಳಲ್ಲಿ ನಾನು ನೋಡಿದ ಹತ್ತು ಜಗಳದಲ್ಲಿ ಏಳೆಂಟು ಹುಟ್ಟುವುದೇ ಹೀಗೆ: ಬೈಲಾದಲ್ಲಿ ಬರೆಯಬೇಕಾದ್ದನ್ನು ನೋಟಿಸಿನಲ್ಲಿ ಬರೆದಿರುತ್ತಾರೆ, ಡಿಕ್ಲರೇಷನ್‌ನಲ್ಲಿ ಇರಬೇಕಾದ್ದನ್ನು ಎಜಿಎಂನಲ್ಲಿ ತೀರ್ಮಾನ ಮಾಡಿರುತ್ತಾರೆ.

ಈ ಏಣಿಯ ಮೇಲೆ ನಿಮ್ಮ ಒಂದೊಂದೇ ಜಗಳವನ್ನು ಇಟ್ಟು ನೋಡೋಣ.

5,000 ರೂಪಾಯಿ ದಂಡ. ದಂಡ ಹಾಕುವ ಅಧಿಕಾರ, ಯಾವ ತಪ್ಪಿಗೆ, ಹೆಚ್ಚೆಂದರೆ ಎಷ್ಟು, ಹಾಕುವ ಮೊದಲು ಅವರ ಮಾತು ಕೇಳುವವರು ಯಾರು, ಇವೆಲ್ಲ ನೋಂದಾಯಿತ ಬೈಲಾದಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಆ ದಂಡವನ್ನು ಈಗಲೇ ಕೈಬಿಡಿ. ಕೋರ್ಟಿಗೆ ಹೋದರೆ ನಿಲ್ಲುವುದಿಲ್ಲ. ಹಾಗಂತ ನಿಮ್ಮ ಕೈ ಖಾಲಿ ಇಲ್ಲ. ಪ್ರತಿಯೊಬ್ಬ ಮಾಲೀಕರೂ ಬೈಲಾವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪಾಲಿಸದಿದ್ದರೆ ಬಾಕಿ ಹಣಕ್ಕೆ, ನಷ್ಟಕ್ಕೆ, ಅಥವಾ ತಡೆಯಾಜ್ಞೆಗೆ ಕೋರ್ಟಿಗೆ ಹೋಗಬಹುದು. ಕಮಿಟಿ ಸುಮ್ಮನಿದ್ದರೆ ತೊಂದರೆ ಅನುಭವಿಸಿದ ಮಾಲೀಕರೇ ಹೋಗಬಹುದು. ಬಾಡಿಗೆದಾರರಿಗೂ ಬೈಲಾ ಅನ್ವಯಿಸುತ್ತದೆ. ‘ನಾನು ಬಾಡಿಗೆಗಿದ್ದೇನೆ, ನನಗೆ ಗೊತ್ತಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ.

ನಾಯಿಯ ವಿಷಯಕ್ಕೆ ಬಂದರೆ ನಿಮ್ಮ ಬೈಲಾದಲ್ಲೇ ಬರೆದಿದ್ದರೂ ಕಷ್ಟ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸುತ್ತೋಲೆ ಹೊರಡಿಸಿದೆ. ಬಹುಮತ ಇದ್ದರೂ ನಿವಾಸಿಗಳ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅನ್ನುವುದು ಅದರ ಸಾರ. ಲಿಫ್ಟಿನಲ್ಲಿ ಹಗ್ಗ ಹಿಡಿದಿರಬೇಕು, ಗಲೀಜು ಮಾಡಿದರೆ ಮಾಲೀಕರೇ ತೆಗೆಯಬೇಕು, ರೇಬಿಸ್ ಲಸಿಕೆ ಹಾಕಿಸಿರಬೇಕು ಅಂತ ಕೇಳಬಹುದು. ನನ್ನ ಅನುಭವದಲ್ಲಿ ಜನರಿಗೆ ತೊಂದರೆ ಕೊಡುವುದು ನಾಯಿ ಅಲ್ಲ, ಪಾರ್ಕಿಂಗ್ ಕಂಬದ ಪಕ್ಕ ಬೆಳಿಗ್ಗೆ ಆರಕ್ಕೆ ಸಿಗುವ ಅದರ ಗುರುತು. ರೂಲ್ ಆ ಗುರುತಿನ ಬಗ್ಗೆ ಬರೆಯಿರಿ.

ಬ್ಯಾಚುಲರ್ ರೂಲಿನ ಬಗ್ಗೆ ನನ್ನ ಅಭಿಪ್ರಾಯ ನೇರ: ತೆಗೆದುಹಾಕಿ. ಫ್ಲ್ಯಾಟ್ ಮಾಲೀಕರ ಸ್ವಂತ ಆಸ್ತಿ. ಮಾರಬಹುದು, ಅಡ ಇಡಬಹುದು, ಬಾಡಿಗೆಗೆ ಕೊಡಬಹುದು. ಯಾರಿಗೆ ಕೊಡಬೇಕು ಅಂತ ನೋಟಿಸು ಹಾಕಿ ಕಟ್ಟಿಹಾಕುವ ಅಧಿಕಾರ ಕಮಿಟಿಗೆ ಇಲ್ಲ. ನಿಮಗೆ ನಿಜವಾಗಿ ಬೇಕಾಗಿರುವುದು ಏನು? ರಾತ್ರಿ ಗಲಾಟೆ ಆಗಬಾರದು. ಎರಡು ರೂಮಿನಲ್ಲಿ ಹನ್ನೆರಡು ಜನ ಇದ್ದು ನೀರು, ಲಿಫ್ಟು ಎಲ್ಲದಕ್ಕೂ ಕುತ್ತು ಬರಬಾರದು. ಯಾರಿದ್ದಾರೆ ಅಂತ ಗೇಟಿನಲ್ಲಿ ಗೊತ್ತಿರಬೇಕು. ಇಷ್ಟೇ ತಾನೆ? ಇದಕ್ಕೆ ಮದುವೆ ಪ್ರಮಾಣಪತ್ರ ಯಾಕೆ ಬೇಕು?

ಇಲ್ಲಿ ಒಂದು ರೂಲನ್ನು ಹತ್ತಿರದಿಂದ ನೋಡಿ. ಒಂದು ಕಡೆ ಹೀಗೆ ಬರೆದಿದ್ದರು: ‘ಬಾಡಿಗೆದಾರರು ಸಭ್ಯ ಕುಟುಂಬದವರಾಗಿರಬೇಕು, ಅನುಚಿತ ವರ್ತನೆ ಕಂಡುಬಂದಲ್ಲಿ ತಕ್ಷಣ ಖಾಲಿ ಮಾಡಿಸಲಾಗುವುದು.’ ಸಭ್ಯ ಅಂದರೆ ಯಾರು, ಅನುಚಿತ ಯಾವುದು, ಖಾಲಿ ಮಾಡಿಸುವವರು ಯಾರು? ಒಂದಕ್ಕೂ ಉತ್ತರ ಇಲ್ಲ. ಕಮಿಟಿಯವರಿಗೆ ಯಾರ ಮೇಲೆ ಕೋಪ ಬರುತ್ತದೋ ಅವರು ಅಸಭ್ಯರು, ಅಷ್ಟೇ. ಅದನ್ನು ತೆಗೆದು ಹೀಗೆ ಬರೆದೆವು: ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೇರೆ ಫ್ಲ್ಯಾಟಿಗೆ ಕೇಳಿಸುವಷ್ಟು ಜೋರಾಗಿ ಸಂಗೀತ, ವಾದ್ಯ, ಡ್ರಿಲ್ಲಿಂಗ್ ಬೇಡ. ಮಾಲೀಕರಿಗೂ ಬಾಡಿಗೆದಾರರಿಗೂ ಒಂದೇ ನಿಯಮ. ಮೊದಲ ದೂರಿಗೆ ಬರಹದಲ್ಲಿ ಸೂಚನೆ. ಬಾಡಿಗೆ ಕೊಟ್ಟ ಮಾಲೀಕರು ಏಳು ದಿನದೊಳಗೆ ವಾಸ ಇರುವವರ ಹೆಸರು, ಫೋನ್ ನಂಬರು, ಕರಾರಿನ ಅವಧಿ ಅಸೋಸಿಯೇಷನ್‌ಗೆ ತಿಳಿಸಬೇಕು.’ 10ರಿಂದ 6 ಅನ್ನುವ ಲೆಕ್ಕ ನಮ್ಮದಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ ಆ ಅವಧಿಯೇ. ಎರಡನೇ ರೂಲಿನಲ್ಲಿ ಯಾರೂ ಯಾರ ಚಾರಿತ್ರ್ಯವನ್ನೂ ಅಳೆಯಬೇಕಾಗಿಲ್ಲ. ಸೆಕ್ಯುರಿಟಿಯವರಿಗೂ ಅರ್ಥವಾಗುತ್ತದೆ.

ಮೇಂಟೆನೆನ್ಸ್ ಪ್ರಶ್ನೆ ಸ್ವಲ್ಪ ದೊಡ್ಡದು. ಎಲ್ಲರಿಗೂ ಒಂದೇ ಮೊತ್ತವೋ, ಚದರಡಿ ಲೆಕ್ಕವೋ ಅಂತ ಊರೆಲ್ಲ ಜಗಳ ಆಡುತ್ತದೆ. ಕಾಯ್ದೆಯಲ್ಲಿ ಉತ್ತರ ಇದೆ, ಮತ್ತು ಅದು ಇವೆರಡೂ ಅಲ್ಲ. ಸಾಮಾನ್ಯ ಜಾಗಗಳ ಖರ್ಚನ್ನು ಆ ಜಾಗಗಳಲ್ಲಿ ಮಾಲೀಕರಿಗಿರುವ ಅವಿಭಜಿತ ಪಾಲಿನ ಶೇಕಡಾವಾರು ಹಂಚಬೇಕು ಅನ್ನುತ್ತದೆ ಕಾಯ್ದೆ. ಲಾಭ ಬಂದರೆ ಅದೂ ಹಾಗೆಯೇ. ನಿಮ್ಮ ಟೆರೇಸಿನ ಮೇಲೆ ಮೊಬೈಲ್ ಟವರ್ ಬಾಡಿಗೆ ಬರುತ್ತಿದ್ದರೆ ಅದಕ್ಕೂ ಇದೇ ಲೆಕ್ಕ. ಹೆಚ್ಚಿನ ಕಡೆ ಪಾಲು ಫ್ಲ್ಯಾಟಿನ ಅಳತೆಗೆ ತಕ್ಕಂತೆ ಇರುವುದರಿಂದ ಕೊನೆಗೆ ಚದರಡಿ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಉದಾಹರಣೆಗೆ ತಿಂಗಳ ಖರ್ಚು 4 ಲಕ್ಷ ಅಂತಿಟ್ಟುಕೊಳ್ಳಿ. ಶೇ. 0.9 ಪಾಲಿನ ಫ್ಲ್ಯಾಟಿಗೆ 3,600 ರೂಪಾಯಿ, ಶೇ. 1.5 ಪಾಲಿನದಕ್ಕೆ 6,000. ಒಂದೇ ಮೊತ್ತ ಅಂದರೆ ಇಬ್ಬರಿಗೂ ಸುಮಾರು 4,760 ಆಗುತ್ತಿತ್ತು. ಚಿಕ್ಕ ಫ್ಲ್ಯಾಟಿನವರು ಯಾಕೆ ಕೂಗಾಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ? ‘ಸೆಕ್ಯುರಿಟಿ ಎಲ್ಲರಿಗೂ ಒಂದೇ ಅಲ್ವಾ, ಲಿಫ್ಟು ಒಂದೇ ಅಲ್ವಾ’ ಅನ್ನುವ ವಾದದಲ್ಲಿ ನ್ಯಾಯ ಇಲ್ಲದಿಲ್ಲ, ನನಗೂ ಅನ್ನಿಸಿದೆ. ಆದರೆ ಕಾಯ್ದೆಗೆ ಒಳಪಟ್ಟ ಮೇಲೆ ಕಾಯ್ದೆಯ ಲೆಕ್ಕವೇ ಲೆಕ್ಕ. ಚಿಕ್ಕ ಫ್ಲ್ಯಾಟಿನವರಲ್ಲಿ ಒಬ್ಬರು ಕೇಸು ಹಾಕಿದರೂ ನೀವು ಉತ್ತರ ಕೊಡಲು ತಿಣುಕಬೇಕಾಗುತ್ತದೆ.

14 ತಿಂಗಳ ಬಾಕಿಯವರು. ನೀರು ನಿಲ್ಲಿಸಬೇಡಿ. ಕರೆಂಟಂತೂ ಮುಟ್ಟಲೇಬೇಡಿ, ಮೀಟರಿನ ಸಂಬಂಧ ಅವರಿಗೂ ವಿದ್ಯುತ್ ಕಂಪನಿಗೂ ಇರುವುದು, ನಿಮಗಲ್ಲ. ಕುಡಿಯುವ ನೀರು ನಿಲ್ಲಿಸಿದ ದಿನ ನಿಮ್ಮ ಬಾಕಿಯ ಕಥೆ ಮೂಲೆ ಸೇರುತ್ತದೆ, ಅವರ ಮನೆಯ ವಯಸ್ಸಾದ ತಾಯಿಯ ಕಥೆ ಮುಂದೆ ಬರುತ್ತದೆ. ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವವರು ನೀವಾಗುತ್ತೀರಿ. ನೋಟಿಸ್ ಬೋರ್ಡಿನಲ್ಲಿ ‘ಡೀಫಾಲ್ಟರ್’ ಅಂತ ಫೋಟೋ ಹಾಕುವ ಚಾಳಿಯೂ ಬೇಡ.

ಕಾಯ್ದೆ ಕೊಟ್ಟಿರುವ ಅಸ್ತ್ರ ಇದಕ್ಕಿಂತ ಗಟ್ಟಿ. ‘ನಾನು ಜಿಮ್ ಬಳಸುವುದಿಲ್ಲ, ಲಿಫ್ಟ್ ಬಳಸುವುದಿಲ್ಲ, ಮನೆಗೆ ಬೀಗ ಹಾಕಿದ್ದೇನೆ’ ಅನ್ನುವ ಯಾವ ನೆಪವೂ ನಡೆಯುವುದಿಲ್ಲ. ಬಳಸದೆ ಬಿಟ್ಟರೂ ಖರ್ಚಿನ ಪಾಲು ತಪ್ಪುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಕಟ್ಟದ ಹಣ ಆ ಫ್ಲ್ಯಾಟಿನ ಮೇಲೇ ಹೊರೆಯಾಗಿ ಕೂರುತ್ತದೆ. ಸರ್ಕಾರದ ಮತ್ತು ಪಾಲಿಕೆಯ ತೆರಿಗೆ, ಮೊದಲ ಅಡಮಾನದ ಸಾಲ, ಇವೆರಡು ಬಿಟ್ಟರೆ ಉಳಿದೆಲ್ಲ ಸಾಲಕ್ಕಿಂತ ಮೊದಲು ನಿಮ್ಮ ಬಾಕಿ. ಅವರು ಫ್ಲ್ಯಾಟ್ ಮಾರಿದರೆ ಕೊಂಡವರೂ ಹಳೇ ಬಾಕಿಗೆ ಜವಾಬ್ದಾರರು. ಅದಕ್ಕೇ ಕೊಳ್ಳುವವರು ಅಸೋಸಿಯೇಷನ್‌ನಿಂದ ಬಾಕಿ ಎಷ್ಟಿದೆ ಅಂತ ಬರಹದಲ್ಲಿ ಕೇಳಿ ಪಡೆಯಬಹುದು. ಕೇಳಿದವರಿಗೆ ತಡಮಾಡದೆ, ಪೈಸೆ ಲೆಕ್ಕದಲ್ಲಿ ಕೊಡಿ.

ಮಾಡಬೇಕಾದ ಕೆಲಸ ಇಷ್ಟು. ತಿಂಗಳವಾರು ಬಾಕಿಯ ಪಟ್ಟಿ ಹಚ್ಚಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಕೂತು ಮಾತಾಡಿ, ಕಂತಿಗೆ ಒಪ್ಪಿದರೆ ‘ಇಷ್ಟು ಬಾಕಿ ಇದೆ, ಇಂಥ ದಿನದೊಳಗೆ ಕಟ್ಟುತ್ತೇನೆ’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಈ ಸಹಿಗೆ ಇನ್ನೊಂದು ಉಪಯೋಗ ಇದೆ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲೇ ಸಾಲಗಾರರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಲಾಯರ್ ನೋಟಿಸ್, ಆಮೇಲೆ ದಾವೆ. ನಿಧಾನ ಆಗುತ್ತದೆ, ನಿಜ. ಆದರೆ ಒಮ್ಮೆ ನೋಟಿಸ್ ಹೋಯಿತು ಅಂತ ಗೊತ್ತಾದ ತಕ್ಷಣ ಉಳಿದ ಐದಾರು ಸಣ್ಣ ಬಾಕಿದಾರರು ಮಾತಿಲ್ಲದೆ ಕಟ್ಟಿಬಿಡುತ್ತಾರೆ. ಇದನ್ನು ಹಲವು ಸಲ ನೋಡಿದ್ದೇನೆ.

ಈಗ ಸ್ವಲ್ಪ ಕಹಿಯಾದ ವಿಷಯ. ನಿಮ್ಮ ಅಸೋಸಿಯೇಷನ್ ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದೆ ಅಂದಿರಿ. ಅಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ದಾನಧರ್ಮ, ಶಿಕ್ಷಣ, ಸಾಹಿತ್ಯ, ಕಲೆ, ಕ್ರೀಡೆ ಅಂಥ ಉದ್ದೇಶದ ಸಂಘಗಳಿಗೆ ಮಾಡಿದ ಕಾನೂನು ಅದು. ಬೆಂಗಳೂರಿನಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳು ಸುಲಭ, ಬೇಗ ಆಗುತ್ತದೆ ಅಂತ ಅದರಲ್ಲಿ ನೋಂದಣಿ ಮಾಡಿಸಿವೆ. ಬ್ಯಾಂಕ್ ಖಾತೆ ತೆರೆಯಲು, ಸೆಕ್ಯುರಿಟಿ ಏಜೆನ್ಸಿ ಜೊತೆ ಕರಾರು ಮಾಡಲು ಅದು ಸಾಕಾಗಿರಬಹುದು. ಆದರೆ ಅಂಥ ಸಂಘದ ಸದಸ್ಯತ್ವ ಬೇರೆ, ಫ್ಲ್ಯಾಟಿನ ಮಾಲೀಕತ್ವ ಬೇರೆ. ನಾಳೆ ಒಬ್ಬರು ‘ನಾನು ನಿಮ್ಮ ಸಂಘಕ್ಕೆ ರಾಜೀನಾಮೆ ಕೊಟ್ಟೆ’ ಅಂದರೆ ಏನು ಮಾಡುತ್ತೀರಿ? ಮೇಲೆ ಹೇಳಿದ ಫ್ಲ್ಯಾಟಿನ ಮೇಲಿನ ಹೊರೆ, ಕೊಂಡವರ ಜವಾಬ್ದಾರಿ, ಇವು 1972ರ ಕಾಯ್ದೆಯ ಫಲ, ಸೊಸೈಟಿ ಕಾಯ್ದೆಯಲ್ಲಿ ಇವು ಸಿಗುವುದಿಲ್ಲ.

ಬಿಲ್ಡರ್ ಡಿಕ್ಲರೇಷನ್ ರಿಜಿಸ್ಟರ್ ಮಾಡಿಸಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಆ ಡಿಕ್ಲರೇಷನ್‌ನ ಬೈಲಾ ಪ್ರಕಾರ ಸಭೆ ಕರೆದು, ಬೋರ್ಡ್ (ಆಡಳಿತ ಮಂಡಳಿ) ಆಯ್ಕೆ ಮಾಡಿ, ಬಿಟ್ಟುಹೋದ ಫಾರಂ ಬಿಗಳಿಗೆ ಸಹಿ ಮಾಡಿಸಿ, ಸೊಸೈಟಿಯ ಹಣ ಮತ್ತು ಕರಾರುಗಳನ್ನು ಕ್ರಮವಾಗಿ ಈ ಕಡೆಗೆ ವರ್ಗಾಯಿಸಬೇಕು. ಆಯ್ಕೆ ಮಾಡುವಾಗ ಒಂದು ಗಮನಿಸಿ. ಬೋರ್ಡಿನ ಕನಿಷ್ಠ ಮೂರನೇ ಒಂದು ಭಾಗ ಸದಸ್ಯರ ಅವಧಿ ಪ್ರತಿ ವರ್ಷ ಮುಗಿಯುವಂತೆ ಬೈಲಾದಲ್ಲಿ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಹತ್ತು ವರ್ಷ ಒಬ್ಬರೇ ಕುರ್ಚಿಗೆ ಅಂಟಿಕೊಳ್ಳುವುದಕ್ಕೆ ಇದು ಒಳ್ಳೆಯ ಮದ್ದು.

ಡಿಕ್ಲರೇಷನ್ನೇ ಇಲ್ಲ ಅಂದರೆ? ಆಗ 84 ಮಾಲೀಕರೂ ಸಹಿ ಹಾಕಬೇಕು. ಇಬ್ಬರು ಅಮೆರಿಕದಲ್ಲಿರುತ್ತಾರೆ, ಒಬ್ಬರು ತೀರಿಕೊಂಡಿರುತ್ತಾರೆ, ಇನ್ನೊಬ್ಬರಿಗೆ ಕಮಿಟಿಯ ಮುಖ ಕಂಡರೆ ಆಗುವುದಿಲ್ಲ. ಆರೆಂಟು ತಿಂಗಳ ಕೆಲಸ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಂಗಡಿಗಳೂ ಸೇರಿದ ಕಟ್ಟಡ ಆಗಿದ್ದರೆ ದಾರಿ ಬೇರೆ ಇರುತ್ತಿತ್ತು, ಯಾಕೆಂದರೆ ಈ ಕಾಯ್ದೆ ವಾಸದ ಕಟ್ಟಡಗಳಿಗೆ ಮಾತ್ರ. ಅಂಥವರು 1972ರದೇ ಇನ್ನೊಂದು ಕಾನೂನಿನ ಪ್ರಕಾರ, ಅಂದರೆ ಕರ್ನಾಟಕ ಓನರ್‌ಷಿಪ್ ಫ್ಲ್ಯಾಟ್ಸ್ ಕಾಯ್ದೆಯಡಿ, ಸಹಕಾರ ಸಂಘ ಅಥವಾ ಕಂಪನಿಯ ಕಡೆ ಹೋಗುತ್ತಾರೆ. ನಿಮಗೆ ಆ ತಲೆನೋವು ಇಲ್ಲ.

ಬಿಲ್ಡರ್ ಒಪ್ಪಿಸಿ ಹೋದರು ಅಂದಿರಿ. ಏನನ್ನು ಒಪ್ಪಿಸಿದರು? ಕೀಲಿಕೈ ಗೊಂಚಲು ಮಾತ್ರವಾ? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಪ್ರವರ್ತಕರು ಮಾಲೀಕರ ಸಂಘ ಆಗುವಂತೆ ಮಾಡಬೇಕು, ಸಾಮಾನ್ಯ ಜಾಗಗಳ ಹಕ್ಕನ್ನು ಸಂಘದ ಹೆಸರಿಗೆ ಬರೆದುಕೊಡಬೇಕು, ನಕ್ಷೆ ಮತ್ತು ದಾಖಲೆಗಳನ್ನು ಸಂಘಕ್ಕೆ ಕೊಡಬೇಕು. ನಿಮ್ಮ ಯೋಜನೆ ರೇರಾದಲ್ಲಿ ನೋಂದಣಿ ಆಗಿತ್ತಾ ಅಂತ ನೋಡಿಕೊಳ್ಳಿ. ಮಂಜೂರಾದ ನಕ್ಷೆ, ಓಸಿ (ವಾಸಯೋಗ್ಯ ಪ್ರಮಾಣಪತ್ರ), ಅಗ್ನಿಶಾಮಕದ ಅನುಮತಿ, ಲಿಫ್ಟ್ ಲೈಸೆನ್ಸು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಅನುಮತಿ, ಪೈಪ್ ಲೈನಿನ ನಕ್ಷೆ, ಕಾರ್ಪಸ್ ಫಂಡಿನ (ಕೂಡಿಟ್ಟ ಮೂಲನಿಧಿ) ಲೆಕ್ಕ, ಇವೆಲ್ಲ ನಿಮ್ಮ ಕೈಗೆ ಬಂದಿವೆಯಾ, ನೋಡಿ. ಪೈಪಿನ ನಕ್ಷೆ ಇಲ್ಲದೆ ಒಂದು ಸೋರಿಕೆ ಹುಡುಕಲು ಆರು ಬಾತ್‌ರೂಮ್ ಒಡೆದಿದ್ದನ್ನು ಕಂಡಿದ್ದೇನೆ. ಅಂದಹಾಗೆ ಸೋರಿಕೆಯಂಥ ತುರ್ತು ರಿಪೇರಿಗೆ, ಸಾಮಾನ್ಯ ಪೈಪುಗಳ ದುರಸ್ತಿಗೆ ಫ್ಲ್ಯಾಟಿನ ಒಳಗೆ ಬರುವ ಹಕ್ಕನ್ನು ಕಾಯ್ದೆ ಅಸೋಸಿಯೇಷನ್‌ಗೆ ಕೊಟ್ಟಿದೆ. ಮೇಲಿನ ಮನೆಯವರು ಬಾಗಿಲು ತೆಗೆಯುವುದಿಲ್ಲ ಅಂದರೆ ಆ ಕಲಮು ತೋರಿಸಿ. ಕಿರುಚಾಟ ಬೇಡ.

ಪಾರ್ಕಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಬರುತ್ತದೆ. ತೆರೆದ ಜಾಗದ ಪಾರ್ಕಿಂಗ್ ಮತ್ತು ಸ್ಟಿಲ್ಟ್ ಪಾರ್ಕಿಂಗನ್ನು (ಕಟ್ಟಡದ ಕೆಳಗೆ ಕಂಬಗಳ ನಡುವಿನದು) ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬೈನ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಹೇಳಿತು. ಅದು ಮಹಾರಾಷ್ಟ್ರದ ಕಾನೂನಿನ ಮೇಲೆ ಬಂದ ತೀರ್ಪು. ರೇರಾ ಕೂಡ ತೆರೆದ ಪಾರ್ಕಿಂಗನ್ನು ಸಾಮಾನ್ಯ ಜಾಗಗಳ ಪಟ್ಟಿಗೇ ಸೇರಿಸಿದೆ. ಡಿಕ್ಲರೇಷನ್ ಓದುವಾಗ ಪಾರ್ಕಿಂಗ್ ಪಟ್ಟಿಯನ್ನೂ ಒಂದು ಸಲ ಗುರುತು ಹಾಕಿಕೊಳ್ಳಿ, ಸಾಕು.

ಮಿನಿಟ್ಸ್ ಪುಸ್ತಕ ಇಟ್ಟುಕೊಂಡಿರುವ ಹಳೇ ಸೆಕ್ರೆಟರಿಯವರ ವಿಷಯ. ಅವರ ಮೇಲೆ ಮೊದಲೇ ರೇಗಬೇಡಿ. ಆರು ವರ್ಷ ಬಿಟ್ಟಿ ದುಡಿದು ಬೈಸಿಕೊಂಡವರು, ಸಿಟ್ಟು ಇರುತ್ತದೆ. ಒಂದು ಸಂಜೆ ಅವರ ಮನೆಗೆ ಹೋಗಿ ಕೂತು ಕೇಳಿ. ಕೊಡದಿದ್ದರೆ ಅಸೋಸಿಯೇಷನ್ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಿರಿ. ಬೇಕಾದ್ದರ ಹೆಸರು ಒಂದೊಂದಾಗಿ ಇರಲಿ: ಇಂಥ ವರ್ಷದಿಂದ ಇಂಥ ವರ್ಷದ ಮಿನಿಟ್ಸ್, ಬ್ಯಾಂಕ್ ಪಾಸ್‌ಬುಕ್, ಚೆಕ್‌ಬುಕ್, ಆಡಿಟ್ ವರದಿ, ಮೂಲ ಡಿಕ್ಲರೇಷನ್, ವಾರ್ಷಿಕ ಗುತ್ತಿಗೆಗಳ ಕರಾರು, ಸೀಲು. ಏಳು ದಿನ ಗಡುವು ಕೊಡಿ. ಪತ್ರದ ಎರಡನೇ ಪ್ರತಿಯ ಮೇಲೆ ‘ತಲುಪಿದೆ’ ಅಂತ ಸಹಿ ತೆಗೆದುಕೊಳ್ಳಿ, ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟು. ಬ್ಯಾಂಕಿನಲ್ಲಿ ಸಹಿ ಮಾಡುವವರ ಹೆಸರು ಬದಲಿಸುವ ನಿರ್ಣಯವನ್ನು ಇದೇ ವಾರ ಮಾಡಿಸಿಬಿಡಿ. ಪುಸ್ತಕ ಕೊಟ್ಟ ದಿನ ಪುಟ ಎಣಿಸಿ, ಕೊನೆಯ ಬರಹದ ಕೆಳಗೆ ಗೆರೆ ಎಳೆದು, ಇಬ್ಬರೂ ಸಹಿ ಹಾಕಿ, ದಿನಾಂಕ ಬರೆಯಿರಿ. ಖಾಲಿ ಬಿಟ್ಟ ಪುಟಗಳ ಮೇಲೆ ಅಡ್ಡ ಗೆರೆ ಎಳೆಯುವುದನ್ನು ಮರೆಯಬೇಡಿ.